ಗೊಂಬೆಮನೆಯ ರುಬ್ಬುಗುಂಡು

ಯುಗಾದಿ ಮುಗಿದು ಸಾಲೆಗೆ ರಜೆ ಬಿಟ್ಟ ಮೇಲೆ ಬಳ್ಳಾರಿಯ ಪಾರ್ವತಿನಗರದ ಆ ಮನೆಯೊಳಗೆ ಇನ್ನೊಂದು ಮನೆ ಕಟ್ಟುವ ಕೆಲಸ ಶುರುವಾಯಿತು. ಇಟ್ಟಿಗೆ ಇಲ್ಲ, ಮರಳಿಲ್ಲ, ಮೇಸ್ತ್ರಿಯ ಜೊತೆ ತಕರಾರಿಲ್ಲ. ಹೋದ ವರ್ಷ ಏರ್ ಕೂಲರ್ ಬಂದಿದ್ದ ದೊಡ್ಡ ರಟ್ಟಿನ ಡಬ್ಬಿ, ಒಂದು ಕತ್ತರಿ, ಮೈದಾ ಕುದಿಸಿ ಮಾಡಿದ ಅಂಟು, ಇಷ್ಟೇ ಸಾಮಾನು. ಶ್ರೀಕೃತಿ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತು ಡಬ್ಬಿಗೆ ಕಿಟಕಿ ಕೊರೆಯುತ್ತಿದ್ದರೆ ಏಳು ವರ್ಷದ ಮಗಳು ತನ್ಮಯಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಇನ್ನೂ ದೊಡ್ಡದು ಮಾಡಮ್ಮ, ಗಾಳಿ ಬರಬೇಕು" ಎಂದು ಯಜಮಾನಿಕೆ ಮಾಡುತ್ತಿದ್ದಳು.

ಇದಕ್ಕೆಲ್ಲ ಕಾರಣ ಗೆಳತಿಯೊಬ್ಬಳ ಹುಟ್ಟುಹಬ್ಬದಲ್ಲಿ ತನ್ಮಯಿ ಕಂಡ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಗೊಂಬೆಮನೆ. ಅಂಥದೇ ಬೇಕೆಂದು ಅಪ್ಪನ ಬೆನ್ನು ಬಿದ್ದಿದ್ದಳು. ಪ್ರಾಣೇಶ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಪೇಪರಿನಿಂದ ತಲೆ ಎತ್ತದೆ, "ಎರಡು ದಿನ ಆಡಿ ಮೂಲಿಗೆ ಒಗೀತಿ. ಬ್ಯಾಡ" ಎಂದಿದ್ದ. ಮಗಳ ಮುಖ ಸಣ್ಣದಾದದ್ದು ನೋಡಿ ಶ್ರೀಕೃತಿಯೇ, "ಅಂಗಡಿದು ಯಾಕ? ನಾವ ಕಟ್ಟೋಣ. ಅದರಪ್ಪನಂಥಾದ್ದು" ಎಂದುಬಿಟ್ಟಳು. ಖಾಸಗಿ ಸಾಲೆಯಲ್ಲಿ ಕನ್ನಡ ಕಲಿಸುವವಳು, ರಟ್ಟು ಬಣ್ಣ ಅಂಟು ಅವಳಿಗೆ ಹೊಸದಲ್ಲ.

ಹಿಂದಿನ ಓಣಿಯ ದುರ್ಗಾದೇವಿ ಮನೆಯಲ್ಲೇ ಮಷೀನು ಹಾಕಿಕೊಂಡು ಜೀನ್ಸ್ ಹೊಲಿಯುತ್ತಿದ್ದಳು. ಅಲ್ಲಿಂದ ತಾಯಿಮಗಳು ಚೀಲ ತುಂಬ ತುಂಡುಬಟ್ಟೆ, ಖಾಲಿ ದಾರದ ರೀಲು, ಸೊಟ್ಟಗಾದ ಹಿತ್ತಾಳೆ ಗುಂಡಿ ಹೊತ್ತು ತಂದರು.

"ಇನ್ನೂ ಐತಿ, ತಗಳ್ರಿ ಟೀಚರಮ್ಮ. ಗೊಂಬಿಗೆ ಒಂದು ಪ್ಯಾಂಟ್ ಹೊಲಕೊಡ್ಲ್ಯಾ?" ಎಂದು ದುರ್ಗಾದೇವಿ ನಕ್ಕಳು.

"ಬ್ಯಾಡವ್ವ. ನಮ್ಮ ಅತ್ತಿಯವರು ಗೊಂಬಿಗೂ ಸೀರಿನೇ ಉಡಸಬೇಕು ಅಂತಾರ."

ನಿಜವೇ. ಅತ್ತೆ ತಿರುಮಲಮ್ಮ ಮೊದಲೆರಡು ದಿನ ಬಾಗಿಲ ಬಳಿ ಕೂತು ಹೂಬತ್ತಿ ಹೊಸೆಯುತ್ತ, "ಏನು ಹುಚ್ಚೋ ಏನೋ, ಮನಿ ತುಂಬ ಕಸ" ಎಂದು ಗೊಣಗಿದ್ದರು. ಮೂರನೆಯ ದಿನ ತಡೆಯಲಾಗಲಿಲ್ಲ, ಬತ್ತಿಯ ಹತ್ತಿಯನ್ನೇ ಹಿಂಜಿ ಗೊಂಬೆಯ ಮಂಚಕ್ಕೆ ಗಾದಿ ತುಂಬಿಕೊಟ್ಟರು. ಆಮೇಲೆ ಕೇಳಬೇಕೆ, ಆ ಮನೆಯ ಹಿರಿತನ ಪೂರಾ ಅವರದೇ ಆಯಿತು.

"ಇದೇನು, ಊಟಕ್ಕ ಕುರ್ಚಿ ಮೇಜು?"

"ರೀಲಿನ ಸ್ಟೂಲ್ ಅಜ್ಜಿ."

"ಹೊರಗ ಒಗಿ. ಮಣಿ ಮಾಡ್ರಿ, ಮಣಿ. ದೇವರ ಮನಿ ಎಲ್ಲದ? ಮಡಿಕೋಲೆಲ್ಲದ? ತುಳಸಿಕಟ್ಟಿ ಇಲ್ಲದ್ದು ಎಂಥಾ ಮನಿನೇ ಅದು!"

ಐಸ್‌ಕ್ರೀಮ್ ಕಡ್ಡಿಯಿಂದ ಮಣೆಗಳಾದವು. ಊದುಬತ್ತಿಯ ಕಡ್ಡಿ ಅಡ್ಡ ಕಟ್ಟಿದರೆ ಮಡಿಬಟ್ಟೆ ಒಣಗಿಸುವ ಕೋಲು. ಬೆಂಕಿಪೆಟ್ಟಿಗೆಗಳನ್ನು ಒಂದರ ಮೇಲೊಂದು ಅಂಟಿಸಿದರೆ ಎಳೆಯುವ ಖಾನೆಗಳಿರುವ ಬೀರು. ಜೀನ್ಸಿನ ಗುಂಡಿಗಳು ಊಟದ ತಾಟು, ಪ್ರಾಣೇಶನ ಕೆಟ್ಟ ಕೈಗಡಿಯಾರ ಗೋಡೆಗಡಿಯಾರ, ತಿರುಮಲಮ್ಮನ ಮುರಿದ ಮರದ ಕುಂಕುಮಬಟ್ಟಲು ಅಡುಗೆಮನೆಯ ಒರಳು. ಒರಳಿಗೆ ಗುಂಡು ಬೇಕಲ್ಲ? "ಹುಡುಕೋಣ ತಡಿ" ಎಂದು ಶ್ರೀಕೃತಿ ಮರೆತಳು. ಆ ದಿನಗಳಲ್ಲಿ ಅತ್ತೆ ಸೊಸೆ ನಡುವೆ ಒಂದು ಬಿರುಸು ಮಾತೂ ಬರಲಿಲ್ಲ. ಆಮೇಲೆ ನೆನೆಸಿಕೊಂಡಾಗಲೆಲ್ಲ ಶ್ರೀಕೃತಿಗೆ ಆ ದಿನಗಳೇ ಹೆಚ್ಚು ಸಂಕಟ ಕೊಡುತ್ತಿದ್ದವು.

ಅಷ್ಟರಲ್ಲಿ ಮಾವನವರ ಶ್ರಾದ್ಧ ಬಂತು. ಸಿರುಗುಪ್ಪದಿಂದ ಮೈದುನ ಭಾರ್ಗವ ಹೆಂಡತಿ ಮತ್ತು ಮಗ ಸತ್ಯಾತ್ಮನ ಜೊತೆ ಹಿಂದಿನ ದಿನವೇ ಬಂದ. ಅವನು ಅಲ್ಲಿ ಸರಕಾರಿ ಸಾಲೆಯ ಮೇಷ್ಟ್ರು. ಅಣ್ಣನಿಗಿಂತ ಹೆಚ್ಚು ನೇಮದವನು, ಸಂಧ್ಯಾವಂದನೆ ಬಿಡದವನು. ಅತ್ತಿಗೆ ಶ್ರೀಕೃತಿಯನ್ನು ಬಾಯಿ ತುಂಬ ವೈನಿ ವೈನಿ ಎನ್ನುವವನು. ಮರುದಿನ ಅಣ್ಣ ಶ್ರಾದ್ಧಕ್ಕೆ ಕೂತ, ದೇವರ ಪೂಜೆ ತಮ್ಮ ಮಾಡಿದ.

ಆ ಮನೆಯ ದೇವರ ಪೆಟ್ಟಿಗೆಯಲ್ಲಿ ಅಜ್ಜನ ಕಾಲದಿಂದ ಬಂದ ಸಾಲಿಗ್ರಾಮಗಳಿದ್ದವು. ಅವುಗಳಲ್ಲಿ ಚಿಕ್ಕದು ಅಡಿಕೆಯಷ್ಟೇ ಇದ್ದ ನರಸಿಂಹ ಸಾಲಿಗ್ರಾಮ, ಕರ್ರಗೆ, ನುಣ್ಣಗೆ, ಒಂದು ಮಗ್ಗುಲಲ್ಲಿ ಕಿರಿದಾದ ಬಾಯಿ. ಮಾವನವರು ಪ್ರಾಣ ಹೋಗುವ ಹೊತ್ತಿನಲ್ಲೂ ಅದನ್ನೇ ಕೇಳಿದ್ದರಂತೆ. ಸಾಲಿಗ್ರಾಮವನ್ನು ಗಂಡಸರು ಮಡಿಯಲ್ಲಿ ಮಾತ್ರ ಮುಟ್ಟಬೇಕು, ಹೆಂಗಸರು ಮುಟ್ಟುವಂತಿಲ್ಲ, ಇದು ಆ ಮನೆಯ ಕಟ್ಟಳೆ. ಶ್ರೀಕೃತಿ ಮದುವೆಯಾಗಿ ಬಂದಾಗಿನಿಂದ ಅದನ್ನು ಹೊಸ್ತಿಲಾಚೆ ನಿಂತು ನೋಡಿದ್ದಳೇ ಹೊರತು ಬೆರಳು ತಾಕಿಸಿರಲಿಲ್ಲ.

ಊಟವಾಗಿ ಎಲ್ಲರೂ ಪಡಸಾಲೆಯಲ್ಲಿ ಅಡ್ಡಾದಾಗ ಭಾರ್ಗವ ಮಾತು ತೆಗೆದ. "ಅಣ್ಣ, ವೈಶಾಖದಾಗ ಸತ್ಯಾತ್ಮನ ಮುಂಜಿ ಅದ. ಕುರುಗೋಡಿನ್ಯಾಗ, ನಮ್ಮ ಮಾವನವರ ಮನ್ಯಾಗ ಇಟ್ಟೇವಿ. ಮುಂಜಿ ಆದಮ್ಯಾಲೆ ಅವನ ಕೈಲೆ ಪೂಜಿ ಸುರು ಮಾಡಸಬೇಕು. ನರಸಿಂಹನ್ನ ನಮ್ಮ ಕಡಿ ಕೊಡು."

"ದೊಡ್ಡ ಮಗನ ಮನ್ಯಾಗ ಇರೋ ದೇವರು ಅದು."

"ಇರೋದೇನೋ ಅದ. ಪೂಜಿ ಆಗಬೇಕಲ್ಲ? ಒಂದು ಕಣ್ಣು ದೇವರ ಮ್ಯಾಲೆ, ಒಂದು ಕಣ್ಣು ಗಡಿಯಾರದ ಮ್ಯಾಲೆ. ನಿರ್ಮಾಲ್ಯ ತಗಿಯೋದು ಅಂದ್ರ ಕಸ ಬಳದಂಗ ಬಳೀತಿ."

"ನನಗ ಆಫೀಸದಪ್ಪ. ನಿನ್ನಂಗ ಎರಡು ತಿಂಗಳು ರಜಾ ಇಲ್ಲ!"

"ಸಾಕು ಮಾಡ್ರೋ," ತಿರುಮಲಮ್ಮ ಗದರಿದರು, "ಅಪ್ಪನ ತಿಥಿ ದಿನ ಇದು."

ಮಾತು ಅಲ್ಲಿಗೆ ನಿಂತಿತು. ಸಂಜೆ ಬಸ್ಸಿಗೆ ಹೊರಡುವಾಗ ಭಾರ್ಗವ ಗೊಂಬೆಮನೆಯ ಮುಂದೆ ಕೂತು, ದೇವರ ಮನೆಗೆ ಬಾಗಿಲು ಚಿಕ್ಕದಾಯಿತೆಂದು ತಮಾಷೆ ಮಾಡಿ ತನ್ಮಯಿಯನ್ನು ನಗಿಸಿಯೇ ಹೋದ.

ಶ್ರಾದ್ಧದ ದಣಿವಿಗೆ ಮೊಣಕಾಲು ಹಿಡಿದುಕೊಂಡು ತಿರುಮಲಮ್ಮ ಕೆಲವು ದಿನ ಮಲಗಿಯೇ ಇದ್ದರು. ಎದ್ದು ಸ್ನಾನ ಮಾಡಿ ಎಂದಿನಂತೆ ದೇವರ ಮನೆಯ ಹೊಸ್ತಿಲಿಗೆ ಬಂದು ಕೂತ ಬೆಳಿಗ್ಗೆ ಪ್ರಾಣೇಶ ಆಗಲೇ ಮಂಗಳಾರತಿಗೆ ಬಂದಿದ್ದ.

"ಪ್ರಾಣೇಶಾ, ನರಸಿಂಹ ಎಲ್ಲಿ?"

"ಅಲ್ಲೇ ಅದಾನಲ್ಲಮ್ಮ."

"ಅಲ್ಲೇ ಅಂದ್ರ ಎಲ್ಲಿ? ತೋರ್ಸು ನನಗ."

ಪ್ರಾಣೇಶ ಆರತಿ ಕೆಳಗಿಟ್ಟು ಪೆಟ್ಟಿಗೆಯಲ್ಲಿ ಕೈಯಾಡಿಸಿದ. ತುಳಸಿ ಸರಿಸಿದ. ಬಟ್ಟೆ ಕೊಡವಿದ, ಮಂಟಪ ಎತ್ತಿ ನೋಡಿದ. ಕಚೇರಿಗೆ ಹೊತ್ತಾಗುತ್ತಿದೆ ಎನ್ನುವುದೂ ಮರೆತುಹೋಯಿತು. ಶ್ರೀಕೃತಿ ಹೊರಗಿನಿಂದಲೇ ಟಾರ್ಚು ಹಿಡಿದಳು. ಇಲ್ಲ, ಎಲ್ಲೂ ಇಲ್ಲ.

ತಿರುಮಲಮ್ಮ ಗೋಡೆಗೆ ಒರಗಿ ಮೆಲ್ಲಗೆ ಲೆಕ್ಕ ಹಾಕಿದರು. "ಕೆಲಸದ ವೀರಭದ್ರಮ್ಮ ಕಸ ಹೊಡಿಲಿಕ್ಕೆ ಪಡಸಾಲಿ ದಾಟಿ ಒಳಗ ಬರೂದಿಲ್ಲ. ನಾವು ಹೆಂಗಸರು ಮುಟ್ಟೂದಿಲ್ಲ. ಕೂಸು ಈ ಹೊಸ್ತಿಲಾ ದಾಟೂದಿಲ್ಲ. ಅದನ್ನ ಮುಟ್ಟಿದವರು ಇಬ್ಬರ. ಒಬ್ಬಾವ ನೀನು."

ಪ್ರಾಣೇಶ ಮಡಿಯಲ್ಲೇ ಬಂದು ಫೋನೆತ್ತಿದ.

"ಭಾರ್ಗವ, ನರಸಿಂಹ ನಿನ್ನ ಹತ್ರ ಅದಾನೇನು?"

"ನನ್ನ ಹತ್ರ ಯಾಕಿರ್ತಾನ?"

"ಕೇಳಿದಿ, ಕೊಡಲಿಲ್ಲ. ಅವತ್ತು ಪೂಜಿ ಮಾಡಿದಾವ ನೀನು. ಹೊಳ್ಳಿ ತಂದಿಡು, ನಾ ಏನೂ ಅನ್ನೂದಿಲ್ಲ."

"ಅಂದ್ರ ನಾ ದೇವರನ್ನ ಕದ್ದೆ ಅಂತೀಯಾ?"

"ನೀನ ಅಂದಿ ಆ ಮಾತು."

"ಅಮ್ಮ ಏನಂತಾಳ?"

ಪ್ರಾಣೇಶ ಫೋನನ್ನು ತಾಯಿಯ ಕಡೆ ಚಾಚಿದ. ತಿರುಮಲಮ್ಮ ತೆಗೆದುಕೊಳ್ಳಲಿಲ್ಲ, ತಲೆ ಆಚೆ ತಿರುಗಿಸಿದರು. ಭಾರ್ಗವನೇ ಫೋನಿಟ್ಟ. ಅವತ್ತಿನಿಂದ ತಿರುಮಲಮ್ಮ ಅನ್ನ ಬಿಟ್ಟರು. "ನರಸಿಂಹಗ ನೈವೇದ್ಯ ಇಲ್ಲದ ನನಗೆಂಥಾ ಊಟ" ಎಂದು ನೆನೆಸಿದ ಅವಲಕ್ಕಿ, ಒಂದು ಲೋಟ ಹಾಲು, ಅಷ್ಟರಲ್ಲೇ ಮುಗಿಸಿದರು. ಮಾಡಿದ ಸಾರು ಸಾಯಂಕಾಲ ಹಾಗೇ ಉಳಿದಿರುತ್ತಿತ್ತು.

ತಾಯಿ ಅನ್ನ ಬಿಟ್ಟದ್ದು ಸಿರುಗುಪ್ಪಕ್ಕೆ ಮುಟ್ಟಿತೋ ಏನೋ, ಒಂದು ಬೆಳಿಗ್ಗೆ ಭಾರ್ಗವ ಒಬ್ಬನೇ ಬಂದ. ಪ್ರಾಣೇಶ ಕಚೇರಿಗೆ ಹೋಗಿಯಾಗಿತ್ತು. ಚಪ್ಪಲಿ ಬಿಟ್ಟು ನೆಟ್ಟಗೆ ಹಿತ್ತಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ದೇವರ ಮನೆಗೆ ಹೋಗಿ ಉದ್ದಕ್ಕೂ ಬಿದ್ದ. ಎದ್ದು ತಾಯಿಯ ಕಡೆ ತಿರುಗಿ ಹೇಳಿದ.

"ಅಮ್ಮ, ನಾ ತಗೊಂಡಿದ್ರ ನನ್ನ ಮಗನ ಮುಂಜಿ ಆಗದ ಹೋಗಲಿ."

"ಬಿಡ್ತು ಅನ್ನೋ! ಕೂಸಿನ ಮ್ಯಾಲೆ ಯಾಕ ಆಣಿ ಇಡ್ತಿ?"

"ಮತ್ತ ಯಾರ ಮ್ಯಾಲೆ ಇಡ್ಲಿ? ನೀ ನಂಬ್ತೀಯೋ ಇಲ್ಲೋ ಹೇಳು."

ತಿರುಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶ್ರೀಕೃತಿ ಅಡುಗೆಮನೆಯಿಂದ ಬಂದು, "ಎಲಿ ಹಾಕೀನಿ, ಊಟ ಮಾಡ್ಕೊಂಡು ಹೋಗ್ರಿ" ಎಂದಳು.

"ಕಳ್ಳಗ್ಯಾಕ ಎಲಿ, ವೈನಿ?" ಎಂದು ಒದ್ದೆ ಪಂಚೆಯನ್ನು ಹಿಂಡಿ ಚೀಲಕ್ಕೆ ತುರುಕಿ, ಪ್ಯಾಂಟು ಹಾಕಿಕೊಂಡು ಹೊರಟೇಹೋದ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಶ್ರೀಕೃತಿ ಗೇಟಿನವರೆಗೆ ಹೋಗಿ ಇನ್ನೊಮ್ಮೆ ಕರೆಯಬೇಕೆಂದುಕೊಂಡಳು, ಅತ್ತೆಯ ಮುಖ ನೋಡಿ ನಿಂತಳು.

ಅದೇ ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ತನ್ಮಯಿ ಬಂದು ತಾಯಿಯ ಸೆರಗೆಳೆದಳು. "ನಮ್ಮ ಮನ್ಯಾಗ ಅಡಗಿ ಆಗೇದ, ಊಟಕ್ಕ ಬಾ."

ಗೊಂಬೆಮನೆಯಲ್ಲಿ ಮಣೆ ಹಾಕಿತ್ತು, ಹಿತ್ತಾಳೆ ಗುಂಡಿಯ ತಾಟಿಟ್ಟಿತ್ತು, ತಾಟಿನಲ್ಲಿ ಸಾಸಿವೆಯಷ್ಟು ಚಟ್ನಿ. ನಿಜವಾದ ಚಟ್ನಿ! ಶ್ರೀಕೃತಿ ಬಗ್ಗಿದಳು. ಮೂಗಿಗೆ ಈರುಳ್ಳಿಯ ಘಾಟು ಬಡಿಯಿತು.

"ಇದೇನೇ ವಾಸನಿ? ಉಳ್ಳಾಗಡ್ಡಿ?"

"ದುರ್ಗಾ ಆಂಟಿ ಮನ್ಯಾಗಿಂದು. ಒಂದ ಚೂರು. ಅಜ್ಜಿಗೆ ಹೇಳಬ್ಯಾಡ." ತನ್ಮಯಿ ಹೆಮ್ಮೆಯಿಂದ ಕುಂಕುಮಬಟ್ಟಲಿನ ಒರಳಿನೊಳಗೆ ಬೆರಳಾಡಿಸಿ ತೋರಿಸಿದಳು. "ನೋಡು, ಎಷ್ಟು ಛಂದ ರುಬ್ತದ!"

ಒರಳೊಳಗೆ ನರಸಿಂಹ ಕೂತಿದ್ದ. ಅಡಿಕೆಯಷ್ಟು, ಕರ್ರಗೆ, ನುಣ್ಣಗೆ, ಮಗ್ಗುಲಲ್ಲಿ ಆ ಕಿರಿದಾದ ಬಾಯಿ, ಬಾಯಿಗೆ ಉಳ್ಳಾಗಡ್ಡಿ ಮೆತ್ತಿತ್ತು.

ಶ್ರೀಕೃತಿ ಮಗಳ ಕೈ ಹಿಡಿದಳು. "ಎಲ್ಲಿ ಸಿಕ್ತು ಇದು?"

"ತುಳಸಿಕಟ್ಟ್ಯಾಗ. ಅಪ್ಪ ದಿನಾ ಮುಂಜಾನೆ ದೇವರ ಹೂವು ತಂದು ಹಾಕ್ತಾರಲ್ಲ, ಅದರ ನಡುವ ಬಿದ್ದಿತ್ತು. ರುಬ್ಬುಗುಂಡು ಬೇಕಿತ್ತಲ್ಲಮ್ಮ ನಮಗ."

ಅಷ್ಟೇ ಕಥೆ. ಶ್ರಾದ್ಧದ ಮರುದಿನ ಕಚೇರಿಯ ಅವಸರದಲ್ಲಿ ಪ್ರಾಣೇಶ ಹಿಂದಿನ ದಿನದ ತುಳಸಿ ಹೂವನ್ನೆಲ್ಲ ಒಂದೇ ಹಿಡಿಯಲ್ಲಿ ಬಾಚಿದ್ದ. ಅದರೊಳಗೆ ದೇವರೂ ಹೋಗಿದ್ದ. ಮುಟ್ಟಿದ ಇಬ್ಬರಲ್ಲಿ ಕಳೆದವನು ಮೊದಲನೆಯವನು.

ಆಗಲೇ ಹೋಗಿ ಅತ್ತೆಯನ್ನು ಎಬ್ಬಿಸಿ ಹೇಳಬೇಕಿತ್ತು. ಎರಡು ಹೆಜ್ಜೆ ಇಟ್ಟಳು ಕೂಡ. ಹೇಳುವುದಾದರೂ ಹೇಗೆ? ನಿಮ್ಮ ದೇವರಿಂದ ನಿಮ್ಮ ಮೊಮ್ಮಗಳು ಉಳ್ಳಾಗಡ್ಡಿ ರುಬ್ಬಿದ್ದಾಳೆ ಎಂದೆ? ಆ ಮುದುಕಿ ಉಳ್ಳಾಗಡ್ಡಿ ತಿಂದವರ ಮನೆಯ ನೀರೂ ಮುಟ್ಟದವರು. ಮಗುವನ್ನು ಜೀವಮಾನವಿಡೀ ಆಡಿಕೊಳ್ಳುತ್ತಾರೆ. ತಾಯಿ ಏನು ಕಾಯುತ್ತಿದ್ದಳು ಎನ್ನುತ್ತಾರೆ. ಗೊಂಬೆಮನೆಯ ಹುಚ್ಚಿನಿಂದಲೇ ಇದೆಲ್ಲ ಆಯಿತೆಂದು ಪ್ರಾಣೇಶ ಕೂಗಾಡುತ್ತಾನೆ. ಯಾರಿಗೂ ಗೊತ್ತಾಗದ ಹಾಗೆ ಇದ್ದಲ್ಲಿ ಇಟ್ಟುಬಿಟ್ಟರೆ? ದೇವರು ಸಿಕ್ಕಿದ, ಪೆಟ್ಟಿಗೆಯ ಮೂಲೆಯಲ್ಲೇ ಇದ್ದ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅಣ್ಣತಮ್ಮಂದಿರು ತಾವಾಗಿಯೇ ಸರಿಹೋಗುತ್ತಾರೆ. ಅವಳಿಗೆ ಅದೇ ಸರಿಯೆನಿಸಿತು.

"ತನೂ, ಇದು ನಿನಗ ಸಿಕ್ಕಿದ್ದು ಯಾರಿಗೂ ಹೇಳಬ್ಯಾಡ. ಅಪ್ಪಗ, ಅಜ್ಜಿಗ, ಯಾರಿಗೂ."

"ಯಾಕ?"

"ಹೇಳಬ್ಯಾಡ ಅಂದ್ರ ಹೇಳಬ್ಯಾಡ."

ಮರುದಿನ ಬೆಳಿಗ್ಗೆ ಪ್ರಾಣೇಶ ಬಚ್ಚಲಿಗೆ ಹೋದಾಗ, ಆಗಲೇ ಮಿಂದು ಒದ್ದೆಯುಟ್ಟಿದ್ದ ಶ್ರೀಕೃತಿ ಹೊಸ್ತಿಲು ದಾಟಿದಳು. ತಿಕ್ಕಿ ತಿಕ್ಕಿ ತೊಳೆದಿದ್ದ ಕಲ್ಲನ್ನು ತುಳಸಿಯೆಲೆಯಲ್ಲಿ ಸುತ್ತಿ ಪೆಟ್ಟಿಗೆಯ ಮೂಲೆಯಲ್ಲಿಟ್ಟಳು. ತಪ್ಪಾಯಿತಪ್ಪಾ ಎಂದು ಕೆನ್ನೆ ಬಡಿದುಕೊಂಡು ಹೊರಗೆ ಬಂದಳು.

ಪೂಜೆಗೆ ಕೂತ ಪ್ರಾಣೇಶ ಕೂಗಿದ. "ಅಮ್ಮಾ! ನರಸಿಂಹ ಇಲ್ಲೇ ಅದಾನ!"

ತಿರುಮಲಮ್ಮ ಮೊಣಕಾಲು ನೋವನ್ನೂ ಮರೆತು ಓಡಿ ಬಂದರು. ಕಣ್ಣಲ್ಲಿ ಬಳಬಳ ನೀರು. ಶ್ರೀಕೃತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮುಗಿಯಿತು, ದೇವರೇ ಕಾಪಾಡಿದ, ಎಂದುಕೊಳ್ಳುತ್ತಿರುವಾಗಲೇ ಪ್ರಾಣೇಶ ಹೇಳಿದ.

"ನೋಡ್ದೇನಮ್ಮ? ಮೊನ್ನೆ ಇದೇ ಪೆಟ್ಟಿಗಿನ ಮೂರು ಸಲ ತಡವೇನಿ. ನಿನ್ನೆ ಬಂದು ಅಡ್ಡಬಿದ್ನಲ್ಲ, ಅದಕ್ಕ ಬಂದಿದ್ದ ಅವ. ಇಟ್ಟು ಹೋಗ್ಯಾನ."

ಅಯ್ಯೋ ದೇವರೇ! ಶ್ರೀಕೃತಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಇಂಥದ್ದೊಂದು ಆಗಬಹುದೆಂದು ಅವಳ ಎಣಿಕೆಗೇ ಬಂದಿರಲಿಲ್ಲ. ಬಾಯಿ ತೆರೆದಳು. ಒಲೆಯ ಮೇಲೆ ಹಾಲು ಉಕ್ಕಿತು, ಅತ್ತೆ "ಅನ್ನಕ್ಕಿಡವ್ವ, ಇವತ್ತ ಉಣತೀನಿ" ಎಂದರು, ತೆರೆದ ಬಾಯಿ ಮುಚ್ಚಿಹೋಯಿತು. ಆ ಹೊತ್ತು ತಪ್ಪಿದ್ದೇ ತಪ್ಪಿದ್ದು.

ಪ್ರಾಣೇಶ ದೊಡ್ಡತನ ತೋರಿಸಿದ. ಅದೇ ಎಲ್ಲಕ್ಕಿಂತ ಕೆಟ್ಟದ್ದಾಯಿತು. ತಮ್ಮನಿಗೆ ಫೋನಿನಲ್ಲಿ ಬರೆದು ಕಳಿಸಿದ: ದೇವರು ತಿರುಗಿ ಬಂದ, ಹೇಗೆ ಬಂದ ಅಂತ ನಾನು ಕೇಳೋದಿಲ್ಲ, ಕ್ಷಮಿಸಿದ್ದೀನಿ, ಮುಂಜಿಗೆ ಬರ್ತೀವಿ. ಭಾರ್ಗವನಿಂದ ಸಂಜೆ ಉತ್ತರ ಬಂತು: ಕ್ಷಮಿಸುವವರು ಬರೋದು ಬೇಡ.

ತಿರುಮಲಮ್ಮ ಈಗ ಉಣ್ಣುತ್ತಿದ್ದರು, ಆದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಅವರ ಚಿಂತೆಯೇ ಬೇರೆ. ಹೂಬತ್ತಿ ಹೊಸೆಯುತ್ತ ಸೊಸೆಗೆ ಹೇಳುತ್ತಿದ್ದರು: "ತಗೊಂಡ್ರ ತಗೊಂಡ, ದೇವರ ಮ್ಯಾಲಿನ ಆಸಿಗೆ. ಹೊಳ್ಳಿ ಇಟ್ಟ, ಅದೂ ಆತು. ಆದರ ಕೂಸಿನ ಮುಂಜಿ ಮ್ಯಾಲೆ ಸುಳ್ಳು ಆಣಿ ಇಟ್ಟನಲ್ಲ ಶ್ರೀಕೃತಿ, ಅದಕ್ಕೇನರ ಆದ್ರ?" ದಿನಾ ಮೊಮ್ಮಗನ ಹೆಸರಲ್ಲಿ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚತೊಡಗಿದರು. ಅವರು ಹಾಗೆನ್ನುವಾಗಲೆಲ್ಲ ಶ್ರೀಕೃತಿ ಸೊಪ್ಪು ಸೋಸುತ್ತ ತಲೆ ತಗ್ಗಿಸುತ್ತಿದ್ದಳು. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು. ನಾಳೆಯಾದರೆ ಇನ್ನೊಂದು ನಾಳೆ.

ಗೊಂಬೆಮನೆ ಪಡಸಾಲೆಯಿಂದ ಮಂಚದಡಿ ಸೇರಿತು. ಮಗಳನ್ನು ಓಲೈಸಲು ಶ್ರೀಕೃತಿ ಜೀನ್ಸ್ ಬಟ್ಟೆಯ ಸೋಫಾ ಮಾಡಿದಳು, ಬಳೆಗಳನ್ನು ಕಟ್ಟಿ ತೂಗುಮಂಚ ಮಾಡಿದಳು, ಒರಳಿಗೆ ನುಣ್ಣನೆಯ ಗೋಲಿ ತಂದಿಟ್ಟಳು. ತನ್ಮಯಿ ಗೋಲಿಯನ್ನು ಹೊರಗಿಟ್ಟಳು.

"ಯಾಕ, ಆಡೂದಿಲ್ಲೇನು?"

"ಆ ಮನ್ಯಾಗ ಮಾತಾಡಿದ್ರ ನೀ ಬೈತಿ."

ಮಗು ಈಗ ಅಜ್ಜಿ ಹತ್ತಿರ ಬಂದರೆ ಸುಮ್ಮನಾಗುತ್ತಿತ್ತು, ಕಾಕಾ ಭಾರ್ಗವನ ಹೆಸರನ್ನು ಅಪ್ಪ ಎತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಿತ್ತು. ಏಳು ವರ್ಷದ ಕೂಸಿಗೆ ಇದನ್ನು ಕಲಿಸಿದವಳು ತಾನೇ ಎನ್ನುವುದು ಶ್ರೀಕೃತಿಗೆ ಚೆನ್ನಾಗಿ ಗೊತ್ತಿತ್ತು.

ಮುಂಜಿಗೆ ವಾರವಿರುವಾಗ ಒಂದು ಭಾನುವಾರ ಗಂಡನಿಗೆ ಎಲ್ಲ ಹೇಳಿದಳು. ಪ್ರಾಣೇಶ ಸ್ಕೂಟರ್ ಒರೆಸುತ್ತಿದ್ದವನು ಬಟ್ಟೆ ಹಿಡಿದುಕೊಂಡೇ ಕೇಳಿದ.

"ಅಂದ್ರ ನಾನ ಒಗದೆ ಅಂತೀಯೇನು?"

"ಗೊತ್ತಿಲ್ದ ಆಗೇದರಿ. ಬೇಕಂತ ಮಾಡಿಲ್ಲ."

"ಉಳ್ಳಾಗಡ್ಡಿ ರುಬ್ಬಿದಳು?"

"ಹೂಂ."

ಅವನು ಮೆಟ್ಟಿಲ ಮೇಲೆ ಕೂತ. ತಮ್ಮನ ಬಗ್ಗೆ ಒಂದು ಮಾತು ಬರಬಹುದೆಂದು ಶ್ರೀಕೃತಿ ಕಾದಳು.

"ಈಗ ಹೇಳಿದ್ರ ಅವನ ಮುಂದ ನನ್ನ ಮುಖ ಏನುಳೀತದ? ಮುಂಜಿ ಮುಗೀಲಿ. ಆಮ್ಯಾಲೆ ನೋಡೋಣ. ಯಾರಿಗೂ ಹೇಳಬ್ಯಾಡ."

ತಾನು ಮಗಳಿಗೆ ಹೇಳಿದ ಮಾತೇ ಅದು. ಗಂಡನ ಬಾಯಲ್ಲಿ ಕೇಳಿದಾಗ ಎಷ್ಟು ಹೊಲಸಾಗಿತ್ತು!

"ಅತ್ತಿಯವರು ಮೊಮ್ಮಗನ ಮುಂಜಿ ನೋಡಬ್ಯಾಡೇನ್ರಿ?"

"ಬರಬ್ಯಾಡ ಅಂದಾವ ಅವ. ನಾನಲ್ಲ."

ಮುಂಜಿಯ ದಿನ ಶ್ರೀಕೃತಿ ಗಂಡನನ್ನು ಕೇಳಲಿಲ್ಲ. ನಸುಕಿನಲ್ಲೇ ಅತ್ತೆಗೆ ರೇಷ್ಮೆ ಸೀರೆ ತೆಗೆದುಕೊಟ್ಟು, "ಏಳ್ರಿ ಅತ್ಯಾ, ಕುರುಗೋಡಿಗೆ ಹೋಗೋಣ" ಎಂದಳು. ತಿರುಮಲಮ್ಮ ಒಮ್ಮೆ ಮಗನ ಕಡೆ, ಒಮ್ಮೆ ಸೊಸೆಯ ಕಡೆ ನೋಡಿ, ಸೀರೆಯನ್ನು ಎದೆಗವಚಿಕೊಂಡು ಎದ್ದರು. ಪ್ರಾಣೇಶ ಪೂಜೆಯ ನೆಪ ಹೇಳಿ ಒಳಗೇ ಉಳಿದ.

ಬಸ್ಸು ಕೊಳಗಲ್ಲು ದಾಟುವಾಗ ತಿರುಮಲಮ್ಮ ಮಡಿಲಿನ ಚೀಲ ಬಿಚ್ಚಿ ಮೊಮ್ಮಗನಿಗೆ ತಂದ ಬೆಳ್ಳಿಯ ಪಂಚಪಾತ್ರೆಯನ್ನು ಮತ್ತೆ ಮತ್ತೆ ನೋಡಿದರು. "ಹೊರಗ ಹಾಕಿದ್ರ?"

"ಹಾಕೂದಿಲ್ರಿ."

ಹಾಕಲಿಲ್ಲ. ಹಾಕಿದ್ದರೇ ಚೆನ್ನಾಗಿತ್ತೇನೋ. ಭಾರ್ಗವ ಚಪ್ಪರದ ಬಾಗಿಲಿಗೆ ಬಂದು, "ಬರ್ರಿ, ಬರ್ರಿ. ತಿಂಡಿ ಆ ಕಡಿ ಅದ, ತಗೊಳ್ರಿ" ಎಂದ. ತಾಯಿಯ ಕಾಲು ಮುಟ್ಟಿದ, ನಾಲ್ಕು ಜನರ ಮುಂದೆ ಮುಟ್ಟುವ ಹಾಗೆ. ಅಣ್ಣ ಯಾಕೆ ಬರಲಿಲ್ಲವೆಂದು ಕೇಳಲಿಲ್ಲ. ಬೋಳು ತಲೆಯ ಸತ್ಯಾತ್ಮ ಕೌಪೀನ ಉಟ್ಟು ಭಿಕ್ಷೆಗೆ ಬಂದಾಗ ತಿರುಮಲಮ್ಮ ಅಕ್ಕಿ ಹಾಕುತ್ತ ಎಷ್ಟು ಅತ್ತರೆಂದರೆ ಅರ್ಧ ಅಕ್ಕಿ ಕೆಳಗೆ ಚೆಲ್ಲಿತು. ಹುಡುಗ ಗಾಬರಿಯಾಗಿ ಅಪ್ಪನ ಕಡೆ ನೋಡಿದ.

ಊಟದ ಮೊದಲ ಪಂಕ್ತಿ ಕೂತಿತ್ತು. ಹಿತ್ತಲ ಕಟ್ಟೆಯ ಮೇಲೆ ತಿರುಮಲಮ್ಮ ಕೂತಿದ್ದರು, ಭಾರ್ಗವ ಸಾರಿನ ಬಕೆಟ್ಟು ತುಂಬಿಸಿಕೊಳ್ಳಲು ಅಲ್ಲಿಗೆ ಬಂದ. ತನ್ಮಯಿ ತಾಯಿಯ ಕೈ ಜಗ್ಗಿ, ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡು, ಎಲ್ಲರಿಗೂ ಕೇಳುವಂತೆ ಕೇಳಿದಳು.

"ಅಮ್ಮ, ಕಾಕಾಗೂ ಹೇಳಬಾರದಾ?"

ಇನ್ನು ತಡೆಯುವುದು ಶ್ರೀಕೃತಿಯಿಂದ ಆಗಲಿಲ್ಲ. ನಿಂತಲ್ಲೇ ಹೇಳಿದಳು. ತುಳಸಿಕಟ್ಟೆ, ಕುಂಕುಮಬಟ್ಟಲು, ಉಳ್ಳಾಗಡ್ಡಿ, ಮರುದಿನ ತಾನೇ ಮುಟ್ಟಿ ತಾನೇ ಇಟ್ಟದ್ದು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, "ತಪ್ಪು ನಂದು ಭಾರ್ಗವ. ನಿಮ್ಮ ಕಾಲು ಹಿಡಕೋತೀನಿ" ಎಂದಳು.

ತಿರುಮಲಮ್ಮ ಸೊಸೆಯನ್ನು ಬೈಯಲಿಲ್ಲ. ಉಳ್ಳಾಗಡ್ಡಿಯ ಮಾತು ಅವರ ಕಿವಿಗೆ ಬಿದ್ದಂತೆಯೇ ಇರಲಿಲ್ಲ. ಮಗನನ್ನೇ ನೋಡುತ್ತ, "ಅವತ್ತು ಹಸದು ಹೋದ್ಯಲ್ಲೋ ಯಪ್ಪಾ. ಎಲ್ಲಿ ಉಂಡಿ?" ಎಂದರು.

ಭಾರ್ಗವ ಶ್ರೀಕೃತಿಯ ಕಡೆ ತಿರುಗಿ ಕೇಳಿದ. "ನಿಮಗ ಸಿಕ್ಕಿದ್ದು ಯಾವಾಗ?"

"ನೀವು ಬಂದಿದ್ರಲ್ಲ, ಅವತ್ತ. ಮಧ್ಯಾಹ್ನ."

"ಅವತ್ತ ಮಧ್ಯಾಹ್ನ," ಎಂದು ಅವನು ತಲೆಯಾಡಿಸಿದ. ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಶ್ರೀಕೃತಿಗೆ ಎಷ್ಟೋ ಹಗುರಾಗುತ್ತಿತ್ತು. "ಅವತ್ತ ಸಂಜಿತನಕ ನಾ ಬಳ್ಳಾರಿ ಬಸ್‌ಸ್ಟ್ಯಾಂಡಿನ್ಯಾಗ ಕೂತಿದ್ದೆ. ಸಿರುಗುಪ್ಪದ ಬಸ್ಸು ಒಂದಾದ ಮ್ಯಾಲೊಂದು ಹೋದ್ವು. ಅಮ್ಮ ಯಾರ ಕೈಲರ ಫೋನ್ ಮಾಡಸ್ತಾಳ, ಉಂಡು ಹೋಗು ಬಾ ಅಂತಾಳ, ಅಂತ ಹತ್ತಲಿಲ್ಲ."

ಚಪ್ಪರದ ಕಡೆಯಿಂದ ಯಾರೋ ಸಾರು ಎಂದು ಕೂಗಿದರು. ತಿರುಮಲಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಭಾರ್ಗವ ಬಕೆಟ್ಟು ಎತ್ತಿಕೊಂಡ.

"ಮುಂದಿನ ಪಂಕ್ತಿಗೆ ಅಮ್ಮನ್ನ ಕೂಡಸ್ರಿ. ತಡಾ ಮಾಡಿದ್ರ ನಿಮಗ ಬಸ್ಸು ಸಿಗೂದಿಲ್ಲ."

ಅವರು ಮುಂದಿನ ಪಂಕ್ತಿಯಲ್ಲಿ ಕೂತರು. ಭಾರ್ಗವನೇ ಬಡಿಸುತ್ತ ಬಂದ. ತಾಯಿಯ ಎಲೆಗೆ ಬಡಿಸಿದ, ತನ್ಮಯಿಗೆ ತುಪ್ಪ ಹೆಚ್ಚಿಗೆ ಹಾಕಿದ, ಶ್ರೀಕೃತಿಯ ಎಲೆಯ ಮುಂದೆ ಬಗ್ಗಿ, ಊರಿನ ಯಾರನ್ನೋ ಕೇಳುವ ಹಾಗೆ ಕೇಳಿದ.

"ಅನ್ನ ಹಾಕ್ಲೇನ್ರಿ?"